ಬೆಳ್ಳಪ್ಪನವರ ಕೊನೆಯ ಕಾಲಂ

ತೀರ್ಥಹಳ್ಳಿಯಿಂದ ಹೊರಟು ಹೊಸನಗರದ ಮೇಲೆ ಸಾಗರಕ್ಕೆ ಹೋಗುವ ಬೆಳಗಿನ ಮೊದಲ ಬಸ್ಸಿಗೂ ನನಗೂ ಹನ್ನೊಂದು ವರ್ಷದ ಸಂಬಂಧ. ಹೊಸನಗರದಲ್ಲಿ ಹತ್ತುತ್ತೇನೆ, ಸಾಗರದಲ್ಲಿ ಇಳಿಯುತ್ತೇನೆ, ಅಲ್ಲಿಯ ಕಾಲೇಜಿನಲ್ಲಿ ಮಕ್ಕಳಿಗೆ ಪ್ರಾಣಿಶಾಸ್ತ್ರ ಹೇಳಿಕೊಡುತ್ತೇನೆ. ಡ್ರೈವರ್ ಹಿಂದಿನ ಸೀಟು ನನ್ನದು ಎಂದು ಬಸ್ಸಿಗೆಲ್ಲ ಗೊತ್ತು. ಕಂಡಕ್ಟರ್ ಬೆಳ್ಳಪ್ಪನವರಿಗಂತೂ ನನ್ನ ಮದುವೆ ಗೊತ್ತು, ಮಗಳ ನಾಮಕರಣ ಗೊತ್ತು, ಅತ್ತೆಯ ಮಂಡಿನೋವು ಗೊತ್ತು. ಆದರೂ ದಿನಾ ಬೆಳಿಗ್ಗೆ ಎದುರು ಬಂದು ನಿಂತು, "ಪಾಸ್ ತೋರ್ಸಿ ಮೇಡಂ" ಅನ್ನುವುದನ್ನು ಅವರು ಬಿಟ್ಟವರಲ್ಲ.

"ನಿನ್ನೆ ತೋರಿಸಿದ್ದೆನಲ್ಲ ಬೆಳ್ಳಪ್ಪನವರೇ" ಎಂದು ಒಮ್ಮೆ ರೇಗಿದ್ದೆ.

"ನಿನ್ನೆದು ನಿನ್ನೆಗಾಯ್ತು. ಇವತ್ತು ನೋಡ್ದೆ ಹ್ಯಾಗೆ ಹೇಳ್ಲಿ ಇದೆ ಅಂತ?"

ಈ ಮಾತು ತಮಾಷೆಯದಲ್ಲ, ಅವರ ಸ್ವಭಾವವೇ ಅದು ಎಂದು ನನಗೆ ಅರ್ಥವಾಗುವುದಕ್ಕೆ ವರ್ಷಗಳು ಬೇಕಾದವು. ಕಣ್ಣಾರೆ ನೋಡದ್ದನ್ನು ಅವರು ಇದೆ ಎನ್ನುವುದಿಲ್ಲ, ಇಲ್ಲ ಎನ್ನುವುದೂ ಇಲ್ಲ. ಅಂಥ ಮನುಷ್ಯನ ಕೈಯಲ್ಲಿ ಒಂದು ತಪ್ಪು ನಡೆದುಹೋಗಿತ್ತು. ಅದನ್ನು ಅವರಿಗೆ ತೋರಿಸಿಕೊಟ್ಟವಳು ನಾನು. ನನಗೆ ಬಾಯಿ ಜಾಸ್ತಿ, ಅದು ನಮ್ಮ ಮನೆಯವರೆಲ್ಲ ಒಪ್ಪಿರುವ ವಿಷಯ.

ಬೆಳ್ಳಪ್ಪನವರಿಗೆ ಐವತ್ತನಾಲ್ಕು ವರ್ಷ. ಒಣಕಲು ಮೈ, ಇಸ್ತ್ರಿ ಮಾಡಿದ ಖಾಕಿ ಅಂಗಿ, ಕಿವಿಗೆ ಸಿಕ್ಕಿಸಿದ ಪೆನ್ನು. ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಸತ್ತ ಪ್ರಾಣಿ ಕಂಡರೆ ಎರಡು ಸಲ ಸೀಟಿ ಊದುತ್ತಾರೆ. ಡ್ರೈವರ್ ತೀರ್ಥೇಶ್ ಮಾತಿಲ್ಲದೆ ಬಸ್ಸು ನಿಲ್ಲಿಸುತ್ತಾನೆ. ಬೆಳ್ಳಪ್ಪನವರು ಇಳಿದು ಹೆಣವನ್ನು ಎರಡೂ ಕೈಯಲ್ಲಿ ಎತ್ತಿ ರಸ್ತೆಯ ಪಕ್ಕಕ್ಕೆ ಒಯ್ಯುತ್ತಾರೆ, ಏನೋ ನೋಡುತ್ತಾರೆ, ಮೇಲೆ ನಾಲ್ಕು ಸೊಪ್ಪು ಮುಚ್ಚುತ್ತಾರೆ, ಬಾಟಲಿಯ ನೀರಲ್ಲಿ ಕೈ ತೊಳೆದು ಹತ್ತುತ್ತಾರೆ. ಆಮೇಲೆ ತಮ್ಮ ಸೀಟಿನ ಕೆಳಗಿಂದ ಉದ್ದನೆಯ ರಟ್ಟಿನ ಪುಸ್ತಕ ತೆಗೆದು ಒಂದು ಸಾಲು ಬರೆಯುತ್ತಾರೆ. ಹದಿನಾಲ್ಕು ವರ್ಷದಿಂದ ಇದು ನಡೆದಿದೆ.

ಪುಸ್ತಕದಲ್ಲಿ ಐದು ಕಾಲಂ. ತಾರೀಖು, ಜಾಗ, ಪ್ರಾಣಿ, ಗಂಡೋ ಹೆಣ್ಣೋ, ಕೊನೆಯದು ಹಾಲು. ಸತ್ತದ್ದು ಹೆಣ್ಣಾದರೆ ಹಾಲಿದೆಯೇ ಎಂದು ನೋಡಲೇಬೇಕು. ಹಾಲಿತ್ತು ಅಂದರೆ ಎಲ್ಲೋ ಹತ್ತಿರದಲ್ಲಿ ಮರಿ ಇದೆ ಎಂದರ್ಥ. ಆಗ ಐದು ನಿಮಿಷ ಬಸ್ಸು ನಿಲ್ಲುತ್ತದೆ. ತೀರ್ಥೇಶ್ ಇಂಜಿನ್ ಆರಿಸುತ್ತಾನೆ, ಮೊಬೈಲಿನ ಹಾಡು ನಿಲ್ಲುತ್ತದೆ, ಬೆಳ್ಳಪ್ಪನವರು ರಸ್ತೆಯ ಎರಡೂ ಬದಿ ಮೋರಿ, ಪೊದೆ, ಒಣಸೊಪ್ಪಿನ ರಾಶಿ ಎಲ್ಲ ನೋಡಿ ಬರುತ್ತಾರೆ. ಹಾಗೆ ಪುನುಗುಬೆಕ್ಕಿನ ಮೂರು ಮರಿ ಸಿಕ್ಕಿದ್ದವು. ತಾಯಿಯ ಹೊಟ್ಟೆಗೆ ಕಚ್ಚಿಕೊಂಡೇ ಇದ್ದ ಮಂಗನ ಮರಿಯೊಂದು ಸಿಕ್ಕಿತ್ತು. ಬಹಳ ಸಲ ಏನೂ ಸಿಗುವುದಿಲ್ಲ.

ಮೊದಲ ಸಲ ಆ ಪುಸ್ತಕ ತಿರುವಿ ಹಾಕಿದಾಗ ನನ್ನ ಕೆಟ್ಟ ಬುದ್ಧಿ ಎದ್ದಿತು. ಅದರಲ್ಲಿ ತಪ್ಪು ಹುಡುಕಿದೆ. ಬೆಳ್ಳಪ್ಪನವರು ಕೊನೆಯ ಹಾಳೆಗಳಲ್ಲಿ ಪ್ರಾಣಿಗಳನ್ನು ಮರ ಹತ್ತುವವು, ನೆಲ ಬಗೆಯುವವು, ಮೇಯುವವು, ನೀರಿನವು, ಹಾರುವವು ಎಂದು ವಿಂಗಡಿಸಿದ್ದರು. ಮುಳ್ಳುಹಂದಿಯನ್ನು ಹಂದಿಯ ಜೊತೆಗೆ ಹಾಕಿದ್ದರು, ನೀರುನಾಯಿಯನ್ನು ನಾಯಿಯ ಜೊತೆಗೆ, ಪುನುಗನ್ನು ಬೆಕ್ಕಿನ ಜೊತೆಗೆ. ನಾನು ಹುಮ್ಮಸ್ಸಿನಿಂದ ಪಾಠ ಶುರು ಮಾಡಿದೆ.

"ಮುಳ್ಳುಹಂದಿ ಹಂದಿ ಅಲ್ಲ ಬೆಳ್ಳಪ್ಪನವರೇ."

"ಮತ್ತೆ ಯಾರ ಕಡೆಯವ್ರು?"

ಮದುವೆ ಮನೆಯ ಬಾಗಿಲಲ್ಲಿ ನಿಂತವರು ಕೇಳುವ ಹಾಗೆ ಅವರು ಅದನ್ನು ಕೇಳಿದ್ದರು. "ಇಲಿ ಕಡೆಯದು" ಎಂದೆ. ಮುಳ್ಳುಹಂದಿ, ಹೆಗ್ಗಣ, ಕೆಂಜಳಿಲು ಒಂದೇ ಮನೆತನ ಎಂದು ಕೇಳಿ ಅವರಿಗೆ ಬಹಳ ಸಂತೋಷವಾಯಿತು. ಸಾಗರ ಬರುವವರೆಗೂ ನಗುತ್ತ ಟಿಕೆಟ್ ಕೊಟ್ಟರು.

ಅಲ್ಲಿಂದ ನಮ್ಮ ಆಟ ಶುರುವಾಯಿತು. ದಿನಕ್ಕೊಂದು ಪ್ರಾಣಿ. ಕಾಡುಕುರಿ ಯಾರ ಕಡೆ? ಕುರಿ ಅಲ್ಲ, ಜಿಂಕೆ ಕಡೆ. ಮೊಲಕ್ಕಿಂತ ಚೂರು ದೊಡ್ಡದಾದ, ಕೊಂಬಿಲ್ಲದ ಬರ್ಕ ಯಾರ ಕಡೆ? ಜಿಂಕೆಯಂತೆ ಕಂಡರೂ ಅದರದೇ ಬೇರೆ ಕುಟುಂಬ. ನೀರುನಾಯಿ? ನಾಯಿಗೆ ದೂರದ ನೆಂಟ ಅಷ್ಟೆ. ಬೆಳ್ಳಪ್ಪನವರು ಕೆಲವನ್ನು ಒಪ್ಪುತ್ತಿದ್ದರು, ಕೆಲವಕ್ಕೆ "ಅದು ನಿಮ್ ಪುಸ್ತಕದಲ್ಲಿ" ಎಂದು ತಲೆ ಕೊಡವುತ್ತಿದ್ದರು. ಏಷ್ಯಾ ಖಂಡದ ಸಸ್ತನಿಗಳನ್ನು ಹದಿನಾಲ್ಕೋ ಹದಿನೈದೋ ಗಣಗಳಲ್ಲಿ, ಅಂದರೆ ದೊಡ್ಡ ಮನೆತನಗಳಲ್ಲಿ, ಹಂಚುತ್ತಾರೆ. ಒಂದು ರಜೆಯಲ್ಲಿ ಕೂತು ಅವರ ಪುಸ್ತಕವನ್ನು ಆ ಪ್ರಕಾರ ಜೋಡಿಸಿದೆ. ಇಪ್ಪತ್ತೇಳು ಜಾತಿ, ಎಂಟು ಗಣ. ಕಾಡುಪಾಪ, ಸುಂಡಿಲಿ, ಬಾವಲಿ, ಮೊಲ, ಯಾವುದೂ ತಪ್ಪಿರಲಿಲ್ಲ. ಇಷ್ಟು ದೊಡ್ಡ ಖಂಡದ ಅರ್ಧಕ್ಕಿಂತ ಹೆಚ್ಚು ಗಣಗಳು ನಮ್ಮ ಬಸ್ಸಿನ ದಾರಿಯಲ್ಲೇ ಸತ್ತು ಬಿದ್ದಿದ್ದವು.

ಕಳೆದ ವರ್ಷ ನವೆಂಬರಿನಲ್ಲಿ ಆ ಪಟ್ಟಿಯನ್ನು ದೊಡ್ಡ ಹಾಳೆಯ ಮೇಲೆ ಬರೆದು ಬಸ್ಸಿಗೆ ತಂದೆ. ಬೆಳ್ಳಪ್ಪನವರು ಬೆರಳಿಟ್ಟು ಓದುತ್ತ ಹೋದರು, ಒಂದು ಕಡೆ ನಿಂತರು.

"ಚಿಪ್ಪುಹಂದಿ ಒಂದೇ ಕೂತಿದೆಯಲ್ಲ. ಇದ್ರ ಕಡೆಯವ್ರು ಯಾರೂ ಇಲ್ವಾ?"

"ಅದರ ಗಣದಲ್ಲಿ ಇಲ್ಲಿ ಅದೊಂದೇ. ತೀರಾ ಹತ್ತಿರದ ನೆಂಟರು ಅಂದ್ರೆ ಬೆಕ್ಕು, ನಾಯಿ, ಕರಡಿ."

"ಹಲ್ಲೇ ಇಲ್ಲ ಅದಕ್ಕೆ. ಬೆಕ್ಕಿನ ನೆಂಟ ಹ್ಯಾಗೆ?"

ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸಲಿಲ್ಲ. ಎಲುಬಿನ ಲೆಕ್ಕ, ರಕ್ತದ ಪರೀಕ್ಷೆ ಎಲ್ಲ ಹೇಳಿ, ಮುಗಿಸುವಾಗ, "ವಿಚಿತ್ರ ಪ್ರಾಣಿ ಅದು. ಮೊಲೆ ನೋಡಿ, ದನದ ಹಾಗೆ ಹಿಂಗಾಲ ಸಂದಿಯಲ್ಲಿ ಇರಲ್ಲ. ಎದೆ ಮೇಲೆ, ಮುಂಗಾಲ ಹತ್ತಿರ ಇರುತ್ತೆ. ಮುಳ್ಳುಹಂದಿಗೂ ಹಾಗೇ, ಪಕ್ಕೆಯಲ್ಲಿ ಇರುತ್ತೆ" ಎಂದೆ.

ಬೆಳ್ಳಪ್ಪನವರ ಬೆರಳು ಹಾಳೆಯ ಮೇಲೇ ಉಳಿಯಿತು. "ಎದೆ ಮೇಲಾ?" ಎಂದು ಒಂದೇ ಸಲ ಕೇಳಿದರು. ಹೌದು ಎಂದೆ. ಅವರು ಎದ್ದು ಹಿಂದಿನ ಬಾಗಿಲ ಹತ್ತಿರ ಹೋಗಿ ನಿಂತರು. ಮುಂದಿನ ಎರಡು ಸ್ಟಾಪಿನಲ್ಲಿ ಹತ್ತಿದವರ ಹತ್ತಿರ ಟಿಕೆಟ್ ಕೇಳಲಿಲ್ಲ. ನನಗೆ ಏನೂ ಅರ್ಥವಾಗಲಿಲ್ಲ.

ಮರುದಿನ ಅವರ ಜಾಗದಲ್ಲಿ ಬೇರೆ ಕಂಡಕ್ಟರ್ ಇದ್ದ. ಅದರ ಮರುದಿನವೂ. ತೀರ್ಥೇಶ್ ಕನ್ನಡಿಯಲ್ಲಿ ನನ್ನ ಮುಖ ನೋಡಿ ಹೇಳಿದ: "ಕೋಣಂದೂರು ತಿರುವಿನಲ್ಲಿ ಇಳಿದು ಒಂದು ಮರದ ಬುಡದಲ್ಲಿ ಕೂತಿದ್ರಂತೆ ಮೇಡಂ, ಇಡೀ ದಿನ. ನೀವೇನು ಹೇಳಿದ್ರಿ ಅವ್ರಿಗೆ?"

ನಾಲ್ಕನೆಯ ದಿನ ಹೊಸನಗರದ ಹತ್ತಿರದ ಅವರ ಮನೆಗೆ ಹೋದೆ. ಬೆಳ್ಳಪ್ಪನವರು ಕೊಟ್ಟಿಗೆಯಲ್ಲಿ ದನಕ್ಕೆ ಹುಲ್ಲು ಹಾಕುತ್ತಿದ್ದರು, ನನ್ನನ್ನು ಕಂಡು "ಬಂದ್ರಾ" ಎಂದು ಅಲ್ಲೇ ನಿಂತರು. ಜಗಲಿಯಲ್ಲಿ ಕೂತಿದ್ದವರು ಅವರ ಚಿಕ್ಕಮ್ಮ ವರದಮ್ಮ. ಎಂಬತ್ತು ದಾಟಿದ ಜೀವ, ಹಲ್ಲೆಲ್ಲ ಗಟ್ಟಿ. ಆ ಪುಸ್ತಕ ಅವರ ತೊಡೆಯ ಮೇಲಿತ್ತು. ಓದಲು ಬಾರದ ವರದಮ್ಮ ಅದನ್ನು ಮಗುವಿನ ಹಾಗೆ ಹಿಡಿದುಕೊಂಡಿದ್ದರು.

"ಒಂಬತ್ತು ವರ್ಷದ ಹಿಂದಿಂದು, ಕೋಣಂದೂರು ತಿರುವಲ್ಲಿ" ಎಂದು ಬೆಳ್ಳಪ್ಪನವರೇ ಹೇಳಿದರು. "ಚಿಪ್ಪುಹಂದಿ. ಸುರುಳಿ ಸುತ್ಕೊಂಡೇ ಸತ್ತಿತ್ತು. ಬಾಲ ಚೂರು ಎತ್ತಿ ಹಿಂಗಾಲ ಸಂದಿ ನೋಡ್ದೆ. ಹೆಣ್ಣು. ಕೆಚ್ಚಲಿನ ಜಾಗದಲ್ಲಿ ಏನೂ ಇಲ್ಲ. ಹಾಲಿಲ್ಲ ಅಂತ ಬರ್ದೆ. ಸುರುಳಿ ಪೂರ್ತಿ ಬಿಡಿಸ್ಲೇ ಇಲ್ಲ ಮೇಡಂ. ಎತ್ತಿ ಮರದ ಬುಡದಲ್ಲಿಟ್ಟು ಸೊಪ್ಪು ಮುಚ್ಚಿ ಬಂದೆ."

ಚಿಪ್ಪುಹಂದಿ ಹೆದರಿದಾಗ ಮರಿಯನ್ನು ಎದೆಗೊತ್ತಿಕೊಂಡು ಅದರ ಸುತ್ತ ಸುರುಳಿ ಸುತ್ತುತ್ತದೆ. ಅದನ್ನು ನಾನು ಅವರಿಗೆ ಹೇಳಿರಲಿಲ್ಲ. ಆದರೆ ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಯಾರ ಮೊಬೈಲಿನಲ್ಲೋ ಹುಡುಕಿಸಿ ಅದನ್ನೂ ತಿಳಿದುಕೊಂಡಿದ್ದರು.

"ಒಳಗೇ ಇತ್ತೋ ಏನೋ" ಎಂದರು. "ಮುಳ್ಳುಹಂದಿ ಮೂರು. ಅವಕ್ಕೂ ಹೊಟ್ಟೆ ಕೆಳಗೇ ನೋಡಿದ್ದು ನಾನು. ಹುಟ್ಟಿದಾಗಿಂದ ದನ ಕರ್ದವ್ನು, ಬೇರೆ ಕಡೆ ಇರ್ಬಹುದು ಅಂತ ತಲೆಗೇ ಹೊಳೀಲಿಲ್ಲ."

"ಯಾರಿಗೂ ಹೊಳೆಯಲ್ಲ" ಎಂದೆ. "ಹದಿನಾಲ್ಕು ವರ್ಷದಲ್ಲಿ ಎಷ್ಟು ಮರಿ ಉಳಿಸಿದ್ದೀರಿ..."

"ಅದು ಬೇರೆ ಮಾತು ಮೇಡಂ." ಹುಲ್ಲಿನ ಹೊರೆ ಬಿಚ್ಚತೊಡಗಿದರು.

ವರದಮ್ಮ ನನ್ನನ್ನು ಹತ್ತಿರ ಕೂರಿಸಿಕೊಂಡು ಬೆಲ್ಲ ನೀರು ಕೊಟ್ಟರು. ಆಮೇಲೆ ದನಿ ತಗ್ಗಿಸಿ ಹೇಳಿದರು. "ಇವನ ಅಮ್ಮ ನನ್ನ ಅಕ್ಕ. ಇವ ಎರಡು ತಿಂಗಳ ಕೂಸು, ಆಗ ಜ್ವರ ಬಂದು ಹೋಗ್ಬಿಟ್ಲು. ನಂಗೆ ಗಂಡನ ಮನೆಗೆ, ಮಂಡಗದ್ದೆಗೆ, ಸುದ್ದಿ ಬಂದು, ನಾ ಇಲ್ಲಿಗೆ ಬರೋ ಹೊತ್ತಿಗೆ ಮಧ್ಯಾಹ್ನ. ಅಂಗಳದಲ್ಲಿ ಮಲಗ್ಸಿದ್ರು. ಎಲ್ಲಾ ಅಳ್ತಾ ಇದ್ರು. ನಾ ನೋಡ್ತೀನಿ, ಅಕ್ಕನ ರವಿಕೆ ಎದೆ ಮೇಲೆ ಒದ್ದೆ. ಅಳೋಕೆ ಬಾಯಿ ತೆಗ್ದವ್ಳು ಮುಚ್ಚಿದೆ. ಕೂಸು ಎಲ್ಲಿ ಅಂತ ಕೇಳ್ದೆ. ಯಾರಿಗೂ ನೆನಪೇ ಇಲ್ಲ. ಒಳಗೆ ಭತ್ತದ ಚೀಲದ ಹಿಂದೆ ತೊಟ್ಟಿಲಲ್ಲಿತ್ತು. ಅತ್ತು ಅತ್ತು ಸ್ವರ ಹೋಗಿತ್ತು, ಅದಕ್ಕೇ ಯಾರಿಗೂ ಕೇಳಿರ್ಲಿಲ್ಲ. ನಂಗೂ ಮನೇಲಿ ಎಂಟು ತಿಂಗಳ ಮಗಳಿದ್ಲು, ಹಾಲಿತ್ತು. ಮೊದ್ಲು ಇವಂಗೆ ಕುಡಿಸ್ದೆ. ಆಮೇಲೆ ನಾ ಅತ್ತಿದ್ದು."

ಆ ಕೊನೆಯ ಕಾಲಂ ಎಲ್ಲಿಂದ ಬಂತೆಂದು ನನಗೆ ಆಗ ತಿಳಿಯಿತು. ನನ್ನ ವಿದ್ಯೆಯ ಬಗ್ಗೆ ನನಗೆ ಅಷ್ಟು ನಾಚಿಕೆಯಾದದ್ದು ಅದೇ ಮೊದಲು. ಎದ್ದು ಹೊರಟಾಗ ಬೆಳ್ಳಪ್ಪನವರು ಪುಸ್ತಕ ತಂದು ನನ್ನ ಚೀಲದಲ್ಲಿಟ್ಟರು.

"ಇದು ನಿಮ್ಮತ್ರ ಇರ್ಲಿ. ಮಕ್ಕಳಿಗೆ ತೋರ್ಸಿ. ನಂಗೆ ನೋಡೋಕೆ ಬರಲ್ಲ."

ಸೋಮವಾರ ಅವರು ಬಸ್ಸಿಗೆ ಮರಳಿದರು. ಟಿಕೆಟ್ ಕೊಟ್ಟರು, ಚಿಲ್ಲರೆ ಕೊಟ್ಟರು, ನನ್ನ ಪಾಸ್ ಮಾತ್ರ ಕೇಳಲಿಲ್ಲ. ಎದುರು ಬಂದು ತಲೆ ಆಡಿಸಿ ಮುಂದೆ ಹೋದರು. ಹನ್ನೊಂದು ವರ್ಷ ಯಾವುದಕ್ಕೆ ರೇಗುತ್ತಿದ್ದೆನೋ ಅದೇ ಈಗ ಇಲ್ಲವಾಗಿತ್ತು. ಪಾಸನ್ನು ಕೈಯಲ್ಲಿ ಹಿಡಿದೇ ಕೂತಿದ್ದೆ, ಅವರು ನೋಡಲಿಲ್ಲ. ಡಿಸೆಂಬರ್ ಕಳೆಯಿತು, ಜನವರಿ ಕಳೆಯಿತು. ಸತ್ತ ಪ್ರಾಣಿ ಕಂಡರೆ ಈಗಲೂ ಎರಡು ಸೀಟಿ ಊದಿ ಇಳಿಯುತ್ತಿದ್ದರು, ಪಕ್ಕಕ್ಕೆ ಒಯ್ದು ಸೊಪ್ಪು ಮುಚ್ಚುತ್ತಿದ್ದರು. ಗಂಡೋ ಹೆಣ್ಣೋ ನೋಡುತ್ತಿರಲಿಲ್ಲ. ನೋಡುವ ಧೈರ್ಯ ಹೋಗಿತ್ತು. ಪುಸ್ತಕ ನನ್ನ ಚೀಲದಲ್ಲೇ ದಿನಾ ಹೋಗಿ ಬರುತ್ತಿತ್ತು. ಅವರು ಅದನ್ನು ಮತ್ತೆ ಕೇಳುತ್ತಾರೋ ಇಲ್ಲವೋ ಎಂಬುದೊಂದೇ ನನ್ನ ಚಿಂತೆಯಾಗಿತ್ತು. ಅವರು ನೋಡುವುದನ್ನು ಬಿಟ್ಟರೆ ಈ ರಸ್ತೆಯಲ್ಲಿ ಇನ್ಯಾರೂ ನೋಡುವವರಿಲ್ಲ ಎಂದು ನನಗೆ ಗೊತ್ತಿತ್ತು.

ಫೆಬ್ರವರಿಯ ಒಂದು ಬೆಳಿಗ್ಗೆ ಬಟ್ಟೆಮಲ್ಲಪ್ಪ ಇನ್ನೂ ಎರಡು ಮೈಲಿ ಇದೆ ಅನ್ನುವಾಗ ಎರಡು ಸೀಟಿ ಕೇಳಿತು. ಬಸ್ಸು ನಿಂತಿತು. ಕಿಟಕಿಯಿಂದ ನೋಡಿದೆ. ರಸ್ತೆಯ ಅಂಚಿನಲ್ಲಿ ಚಿಪ್ಪುಹಂದಿ ಸತ್ತು ಬಿದ್ದಿತ್ತು, ಅರ್ಧ ಸುರುಳಿಯಾಗಿ.

ಬೆಳ್ಳಪ್ಪನವರು ಫುಟ್‌ಬೋರ್ಡಿನ ಮೇಲೆ ನಿಂತೇ ಇದ್ದರು. ಇಳಿಯಲಿಲ್ಲ. ತಿರುಗಿ ನನ್ನ ಕಡೆ ನೋಡಿದರು.

"ನೀವೇ ನೋಡಿ ಮೇಡಂ. ನಿಮಗೆ ಗೊತ್ತು."

ನಾನು ಇಳಿದೆ. ಹನ್ನೊಂದು ವರ್ಷದಿಂದ ಚಿಪ್ಪುಹಂದಿಯ ಬಗ್ಗೆ ಪಾಠ ಮಾಡಿದವಳು, ಗಾಜಿನ ಜಾಡಿಯ ಹೊರಗೆ ಒಂದನ್ನೂ ಮುಟ್ಟಿದವಳಲ್ಲ. ಮೊಣಕಾಲೂರಿ ಕೂತು ಚಿಪ್ಪಿನ ಮೇಲೆ ಕೈಯಿಟ್ಟೆ. ತಣ್ಣಗಿತ್ತು. ಸುರುಳಿ ಬಿಡಿಸಲು ಹೋದರೆ ಬೆರಳು ಚಿಪ್ಪಿನ ಅಂಚಿಗೆ ಸಿಕ್ಕಿ ಗೀರಿತು. ನನ್ನಿಂದ ಆಗಲಿಲ್ಲ. ನನಗೆ ಗೊತ್ತಿದ್ದದ್ದು ಬರೀ ಎಲ್ಲಿ ನೋಡಬೇಕು ಎಂಬುದು, ನೋಡುವುದು ಹೇಗೆ ಎಂದು ಗೊತ್ತಿರಲಿಲ್ಲ.

"ಬೆಳ್ಳಪ್ಪನವರೇ, ನಂಗೆ ಬರ್ತಾ ಇಲ್ಲ" ಎಂದೆ. ಅಳು ಬಂದಿತ್ತು, ಮುಚ್ಚಿಡಲಿಲ್ಲ.

ಅವರು ಬಂದರು. ನನ್ನ ಪಕ್ಕ ಕೂತು, ಮಲಗಿದವರನ್ನು ಎಬ್ಬಿಸುವ ಹಾಗೆ ಮೆಲ್ಲಗೆ ಒಂದು ಕೈಯನ್ನು ಕತ್ತಿನ ಕೆಳಗೆ, ಒಂದನ್ನು ಬಾಲದ ಬುಡಕ್ಕೆ ಕೊಟ್ಟು ಸುರುಳಿ ಬಿಡಿಸಿದರು. ಒಳಗೆ ಮರಿ ಇರಲಿಲ್ಲ. ಮುಂಗಾಲುಗಳನ್ನು ಸರಿಸಿ ಎದೆಯ ಮೇಲೆ ಹೆಬ್ಬೆರಳಿಂದ ಒತ್ತಿದರು. ಬೆರಳಿಗೆ ಹಾಲು ಹತ್ತಿತು.

"ಇದೆ" ಎಂದರು.

ತೀರ್ಥೇಶ್ ಇಂಜಿನ್ ಆರಿಸಿದ. ಹತ್ತು ಜನ ಇಳಿದರು, ಮೋರಿ ನೋಡಿದರು, ಪೊದೆ ಸರಿಸಿದರು. ಐದು ನಿಮಿಷ ಹದಿನೈದಾಯಿತು. ಏನೂ ಸಿಗಲಿಲ್ಲ. ಮೂರನೇ ಸೀಟಿನಲ್ಲಿ ಮಹಾಗಣಪತಿ ಭಟ್ಟರು ಗಡಿಯಾರ ನೋಡುತ್ತ ಚಡಪಡಿಸುತ್ತಿದ್ದರು. ನಮ್ಮ ಅಮ್ಮನ ಕಡೆ ನೆಂಟರು, ಸಾಗರದ ಕೋರ್ಟಿನಲ್ಲಿ ಗಡಿ ಜಗಳದ ಕೇಸು ನಡೆಸುವುದೇ ಅವರ ಹವ್ಯಾಸ. ಕಿಟಕಿಯಿಂದ ತಲೆ ಹೊರಹಾಕಿ ಮನೆಮಾತಿನಲ್ಲಿ ನನ್ನನ್ನು ಕರೆದರು.

"ವಿನಯಾ, ಎಂತ ಆತೇ? ಎಂಗೆ ಹತ್ತು ಗಂಟೆಗೆ ಕೋರ್ಟಲ್ಲಿ ಇರಕ್ಕು."

"ಅದ್ರ ಮರಿ ಹುಡುಕ್ತಾ ಇದ್ದ, ಮಾವ."

"ಸಿಕ್ಕಿದ್ದಿಲ್ಯಾ?"

"ಸಿಕ್ಕಿದ್ದಿಲ್ಲೆ."

ಬೆಳ್ಳಪ್ಪನವರು ಎದ್ದು ನಿಂತರು. ಹೊರಡುವ ಹೊತ್ತು ಎಂದುಕೊಂಡೆ. ಅವರು ಹೆಗಲ ಚೀಲ ತೆಗೆದು ನನ್ನ ಹೆಗಲಿಗೆ ಹಾಕಿದರು, ಟಿಕೆಟ್ ಮಷಿನ್ ಕೈಗಿಟ್ಟರು, ಕೊನೆಗೆ ಸೀಟಿಯನ್ನೂ ಕೊಟ್ಟರು.

"ಬಸ್ ಹೋಗ್ಲಿ. ಸಾಗರದ ತನಕ ನೀವು ನೋಡ್ಕೊಳ್ಳಿ. ನಾನಿಲ್ಲಿ ಇರ್ತೀನಿ."

"ಎಷ್ಟು ಹೊತ್ತು?"

"ಗೊತ್ತಿಲ್ಲ" ಎಂದು ಸತ್ತ ತಾಯಿಯ ಪಕ್ಕ ಕೂತುಬಿಟ್ಟರು.

ಹಾಗೆ ನಾನು ಕಂಡಕ್ಟರಳಾದೆ. ಮಷಿನಿನ ಯಾವ ಗುಂಡಿ ಒತ್ತಬೇಕೆಂದು ತಿಳಿಯದೆ ಒಬ್ಬ ಅಜ್ಜಿಗೆ ಮೂರು ಟಿಕೆಟ್ ಕೊಟ್ಟೆ. ನನ್ನ ಪಾಡು ನೋಡಲಾರದೆ ಮಹಾಗಣಪತಿ ಭಟ್ಟರು ಎದ್ದು ಬಂದು ಬಾಗಿಲು ಹಿಡಿದು ನಿಂತು, "ಬಟ್ಟೆಮಲ್ಲಪ್ಪ ಇಳಿಯೋರು ಮುಂದೆ ಬನ್ನಿ" ಎಂದು ಕೂಗತೊಡಗಿದರು. ಸೀಟಿಯನ್ನೂ ಅವರೇ ಊದಿದರು. ಕೋರ್ಟಿಗೆ ತಡವಾದದ್ದನ್ನು ಮರೆತಂತಿತ್ತು. ಸಾಗರದಲ್ಲಿ ಇಳಿಯುವಾಗ ಮಾತ್ರ ನನ್ನ ಕಿವಿಯ ಹತ್ತಿರ ಬಂದು, "ಸಿಕ್ಕಿರೆ ಎಂಗೊಂದು ಫೋನ್ ಮಾಡು" ಎಂದರು.

ನಾನು ಕಾಲೇಜಿಗೆ ಅರ್ಧ ದಿನದ ರಜೆ ಹೇಳಿ ಅದೇ ಬಸ್ಸಿನಲ್ಲಿ ವಾಪಸು ಹೊರಟೆ. ಫಾರೆಸ್ಟ್ ಗಾರ್ಡ್ ನಿಶಾಂತ್ ನನ್ನ ಹಳೆಯ ವಿದ್ಯಾರ್ಥಿ, ಅವನಿಗೂ ಫೋನ್ ಮಾಡಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಇವತ್ತು ಸಿಗದಿದ್ದರೆ ಈ ಮನುಷ್ಯ ಇನ್ನು ಯಾವ ಹೆಣದ ಹತ್ತಿರವೂ ಹೋಗುವುದಿಲ್ಲ. ದೇವರಿಗೆ ಕೈಮುಗಿಯುವ ಅಭ್ಯಾಸ ನನಗೆ ಕಡಿಮೆ. ಅಂದು ಮುಗಿದೆ.

ಆ ಜಾಗ ಬಂತು. ಬೆಳ್ಳಪ್ಪನವರು ನಾವು ಬಿಟ್ಟು ಹೋದಲ್ಲೇ ಕೂತಿದ್ದರು. ತಾಯಿಯ ಮೇಲೆ ಸೊಪ್ಪು ಮುಚ್ಚಿತ್ತು. ಅಂಗಿಯ ಮೇಲಿನ ಮೂರು ಗುಂಡಿ ಬಿಚ್ಚಿತ್ತು, ಒಂದು ಕೈಯನ್ನು ಎದೆಗೆ ಆನಿಸಿಕೊಂಡಿದ್ದರು. ಹತ್ತಿರ ಹೋಗಿ ಬಗ್ಗಿ ನೋಡಿದೆ. ಬನಿಯನ್ನಿಗೆ ನಾಲ್ಕೂ ಕಾಲಿನ ಉಗುರು ಕಚ್ಚಿಕೊಂಡು ಒಂದು ಮರಿ ಮಲಗಿತ್ತು. ಎಳೆ ಉಗುರಿನ ಹಾಗೆ ಮೆತ್ತನೆಯ ಚಿಪ್ಪು, ಗುಲಾಬಿ ಮೂತಿ. ಉಸಿರಾಡುವುದು ಕಾಣುತ್ತಿತ್ತು.

"ಎಲ್ಲಿತ್ತು?" ಎಂದೆ.

"ನಾ ಹುಡುಕ್ಲೇ ಇಲ್ಲ ಮೇಡಂ. ಇದಕ್ಕೆ ಸ್ವರ ಇಲ್ಲ, ಕೂಗಲ್ಲ. ಜನ ಓಡಾಡಿದ್ರೆ ಇನ್ನೂ ಮುದುಡಿಕೊಳ್ಳುತ್ತೆ. ಅವ್ರಮ್ಮನ ಪಕ್ಕ ಅಲ್ಲಾಡ್ದೆ ಕೂತೆ. ಒಂದು ತಾಸಾದ ಮೇಲೆ ರಸ್ತೆ ಪಕ್ಕದ ಆ ಎತ್ತರದ ದರೆ ಮೇಲಿಂದ ತಾನೇ ಇಳ್ಕೊಂಡು ಬಂತು. ಸೀದಾ ಅಮ್ಮನ ಎದೆ ಹತ್ತಿರ ಹೋಯ್ತು." ಅಂಗಿಯ ಅಂಚನ್ನು ಮರಿಯ ಮೇಲೆ ಎಳೆದು ಹೊದಿಸಿದರು. "ನಾ ಇಷ್ಟು ವರ್ಷ ಐದು ನಿಮಿಷ ನೋಡಿ ಹೋಗ್ಬಿಡ್ತಿದ್ದೆ."

ನಿಶಾಂತ್ ಬೈಕಿನಲ್ಲಿ ಪೆಟ್ಟಿಗೆ ತಂದ. ಮರಿ ಬನಿಯನ್ ಬಿಡಲಿಲ್ಲ. ಬಿಡಿಸಲು ಹೋದರೆ ಇನ್ನೂ ಬಿಗಿಯಾಗಿ ಹಿಡಿಯಿತು. ಬೆಳ್ಳಪ್ಪನವರು ಅಂಗಿ ಕಳಚಿ, ಬನಿಯನ್ನನ್ನು ಮರಿಯ ಸಮೇತ ತಲೆಯ ಮೇಲಿಂದ ತೆಗೆದು ಪೆಟ್ಟಿಗೆಯಲ್ಲಿಟ್ಟರು. "ಇದು ಅದ್ರ ಹತ್ರನೇ ಇರ್ಲಿ. ಒಗೀಬೇಡಿ" ಎಂದರು. ಬಸ್ಸಿನಲ್ಲಿ ಚಿಕ್ಕಮ್ಮನಿಗೆ ಫೋನ್ ಮಾಡಿದರು. ಆಚೆಯ ದನಿ ನನಗೂ ಕೇಳಿಸಿತು. ವರದಮ್ಮ ಏನಾಯಿತು, ಎಲ್ಲಿ ಸಿಕ್ಕಿತು ಎಂದೆಲ್ಲ ಕೇಳಲಿಲ್ಲ. "ಹೊಟ್ಟೆಗೆ ಏನಾದ್ರೂ ಕೊಟ್ರಾ?" ಎಂದು ಕೇಳಿದರು.

ಅಂದು ಪುಸ್ತಕ ಅವರ ಮುಂದೆ ಹಿಡಿದೆ. ಅವರು ತೆಗೆದುಕೊಳ್ಳಲಿಲ್ಲ. "ಬದುಕುತ್ತೋ ಇಲ್ವೋ, ನೋಡೋಣ" ಎಂದರು.

ತಾಯಿಯಿಲ್ಲದ ಚಿಪ್ಪುಹಂದಿ ಮರಿಯನ್ನು ಸಾಕುವುದು ಬಹಳ ಕಷ್ಟ, ಹೆಚ್ಚಿನವು ಉಳಿಯುವುದಿಲ್ಲ. ಈ ಸಲ ನನಗೆ ಗೊತ್ತಿದ್ದದ್ದನ್ನು ನಾನು ಹೇಳಲಿಲ್ಲ. ಮರಿಯನ್ನು ಫಾರೆಸ್ಟ್ ಆಫೀಸಿನಲ್ಲಿ ಸಾಕುತ್ತಿದ್ದ ನಿಶಾಂತ್ ವಾರಕ್ಕೊಮ್ಮೆ ನಮ್ಮ ಬಸ್ಸು ಹತ್ತುತ್ತಿದ್ದ. ಬೆಳ್ಳಪ್ಪನವರು ಅವನಿಗೆ ಕಿಟಕಿಯ ಸೀಟು ಕೊಡಿಸುತ್ತಿದ್ದರು, ಮರಿಯ ವಿಷಯ ಮಾತ್ರ ಎತ್ತುತ್ತಿರಲಿಲ್ಲ. ಟಿಕೆಟ್ ಹರಿದುಕೊಡುವಾಗ ಒಂದು ಗಳಿಗೆ ನಿಲ್ಲುತ್ತಿದ್ದರು. ನಿಶಾಂತ್ "ಇದೆ ಬೆಳ್ಳಪ್ಪಣ್ಣ" ಎನ್ನುತ್ತಿದ್ದ. ಅವರು ಮುಂದೆ ಹೋಗುತ್ತಿದ್ದರು.

ಮೇ ತಿಂಗಳ ಒಂದು ಬೆಳಿಗ್ಗೆ ನಿಶಾಂತ್ ಹತ್ತಿದವನೇ ಟಿಕೆಟ್ಟಿಗೂ ಕಾಯದೆ ಹೇಳಿದ. "ಇರುವೆ ಗೂಡು ತಾನೇ ಬಗೆದು ತಿಂತು ಬೆಳ್ಳಪ್ಪಣ್ಣ. ನಿನ್ನೆಯಿಂದ ಹಾಲು ಮುಟ್ಟಿಲ್ಲ. ನಿಮ್ ಬನಿಯನ್ ಚಿಂದಿಯಾಗಿದೆ, ಬಿಡ್ತಾ ಇಲ್ಲ."

ಬೆಳ್ಳಪ್ಪನವರು ನನ್ನ ಸೀಟಿನ ಹತ್ತಿರ ಬಂದು ಕೈಚಾಚಿದರು. ಪುಸ್ತಕ ಕೊಟ್ಟೆ. ಕಿವಿಯ ಮೇಲಿನ ಪೆನ್ನು ತೆಗೆದು ಫೆಬ್ರವರಿಯ ಸಾಲು ಬರೆದರು. ಚಿಪ್ಪುಹಂದಿ, ಹೆಣ್ಣು, ಹಾಲಿತ್ತು, ಮರಿ ಬಂತು. ಆಮೇಲೆ ಹಿಂದಕ್ಕೆ ಹಾಳೆ ತಿರುವುತ್ತ ಹೋದರು. ಬಸ್ಸಿನ ಕುಲುಕಾಟಕ್ಕೆ ಕೈ ಅಲ್ಲಾಡದಂತೆ ಕಂಬಕ್ಕೆ ಬೆನ್ನು ಕೊಟ್ಟು ನಿಂತು, ಒಂಬತ್ತು ವರ್ಷದ ಹಿಂದಿನ ಆ ಸಾಲಿನಲ್ಲಿ 'ಹಾಲಿಲ್ಲ' ಎಂಬುದನ್ನು ಒಂದು ಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ 'ಗೊತ್ತಿಲ್ಲ' ಎಂದು ಬರೆದರು. ಮುಳ್ಳುಹಂದಿಯ ಮೂರು ಸಾಲುಗಳಲ್ಲೂ ಹಾಗೇ ಮಾಡಿದರು. ಸುಳ್ಳು ಸಮಾಧಾನವನ್ನೂ ಬರೆಯಲಿಲ್ಲ, ತಮಗೆ ಶಿಕ್ಷೆಯನ್ನೂ ಬರೆದುಕೊಳ್ಳಲಿಲ್ಲ.

ಪುಸ್ತಕ ಮುಚ್ಚಿ ತಮ್ಮ ಸೀಟಿನ ಕೆಳಗೆ, ಹಳೆಯ ಜಾಗದಲ್ಲಿಟ್ಟರು. ನಾನು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಹೆಗಲ ಹತ್ತಿರ ಅವರು ಬಂದು ನಿಂತದ್ದು ತಿಳಿಯಿತು.

"ಪಾಸ್ ತೋರ್ಸಿ ಮೇಡಂ" ಎಂದರು.